ಲಸಿಕೆಯ ದಾಸ್ತಾನು ಆರೋಗ್ಯ ಕೇಂದ್ರದ ಬಾಗಿಲಲ್ಲೇ ಬರೆದಿರಲಿ

ಮಾನ್ಯ ಸಂಪಾದಕರೇ,

ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು. 2025ರ ಸೆಪ್ಟೆಂಬರ್‌ನಿಂದ ನಗರಕ್ಕೆ ಐದು ಪಾಲಿಕೆಗಳು. ಆಸ್ತಿ ತೆರಿಗೆ ಯಾರಿಗೆ ಕಟ್ಟಬೇಕು, ಕಸದ ಗುತ್ತಿಗೆ ಯಾರ ಕೈಗೆ, ರಸ್ತೆಗುಂಡಿ ಮುಚ್ಚುವ ಹೊಣೆ ಯಾರದು ಎಂಬ ಚರ್ಚೆ ಸಾಕಷ್ಟು ನಡೆದಿದೆ, ನಡೆಯಬೇಕಾದದ್ದೇ. ಆದರೆ ನಾಳೆ ಇನ್ನೊಂದು ಸಾಂಕ್ರಾಮಿಕ ಬಂದು ಲಸಿಕೆ ಎಲ್ಲರಿಗೂ ಸಾಲದೇ ಹೋದರೆ, ಯಾವ ವಾರ್ಡಿನ ಆರೋಗ್ಯ ಕೇಂದ್ರಕ್ಕೆ ಎಷ್ಟು ವಯಲ್ (ಲಸಿಕೆಯ ಸೀಸೆ) ಕಳಿಸಬೇಕೆಂದು ಯಾರು, ಯಾವ ಲೆಕ್ಕದ ಮೇಲೆ ತೀರ್ಮಾನಿಸುತ್ತಾರೆ? ಈ ಪ್ರಶ್ನೆಗೆ 2021ರ ಕೋವಿಡ್ ಲಸಿಕಾ ಅಭಿಯಾನದಲ್ಲಿ ನಗರದ ಜನರಿಗೆ ಉತ್ತರ ಸಿಗಲಿಲ್ಲ. ಆ ವರ್ಷ ಏನೇನು ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನು ಈಗ ಪುರುಸೊತ್ತಿರುವಾಗಲೇ ನೋಡಿ, ಹೊಸ ಪಾಲಿಕೆಗಳು ನಿಯಮ ಬರೆದಿಟ್ಟುಕೊಳ್ಳಬೇಕು ಎಂದು ಒತ್ತಾಯಿಸಲು ಈ ಪತ್ರ.

ಮೊದಲು ಮೇಲಿನ ಹಂತದಲ್ಲಿ ಆದದ್ದು. 2021ರ ಜನವರಿ 16ರಂದು ಆರೋಗ್ಯ ಸಿಬ್ಬಂದಿಯಿಂದ ಆರಂಭವಾದ ಅಭಿಯಾನ ಮಾರ್ಚ್ 1ಕ್ಕೆ 60 ದಾಟಿದವರಿಗೆ, ಏಪ್ರಿಲ್ 1ಕ್ಕೆ 45 ದಾಟಿದ ಎಲ್ಲರಿಗೆ ವಿಸ್ತರಿಸಿತು. ಅಲ್ಲಿಯವರೆಗೆ ಖರೀದಿ ಪೂರ್ತಿ ಕೇಂದ್ರ ಸರ್ಕಾರದ್ದು. ಮೇ 1ರಿಂದ 18 ದಾಟಿದವರಿಗೂ ಎಂದು ಘೋಷಿಸಿದ ಕೇಂದ್ರ, ಅದೇ ದಿನದಿಂದ ಉತ್ಪಾದನೆಯ ಅರ್ಧವನ್ನು ಮಾತ್ರ ತಾನಿಟ್ಟುಕೊಂಡು ಉಳಿದರ್ಧವನ್ನು ರಾಜ್ಯಗಳಿಗೂ ಖಾಸಗಿ ಆಸ್ಪತ್ರೆಗಳಿಗೂ ಬಿಟ್ಟಿತು. ಕೇಂದ್ರ 150 ರೂಪಾಯಿಗೆ ಕೊಳ್ಳುತ್ತಿದ್ದ ಕೋವಿಶೀಲ್ಡ್‌ಗೆ ರಾಜ್ಯ 300, ಖಾಸಗಿ ಆಸ್ಪತ್ರೆ 600 ಕೊಡಬೇಕಾಯಿತು. ಮೊದಲು ರಾಜ್ಯಗಳಿಗೆ ಹೇಳಿದ್ದು 400, ಗದ್ದಲವಾದ ಮೇಲೆ 300ಕ್ಕೆ ಇಳಿದದ್ದು. ಕರ್ನಾಟಕ 2 ಕೋಟಿ ಡೋಸ್‌ಗೆ ಜಾಗತಿಕ ಟೆಂಡರ್ ಕರೆದು ಬರಿಗೈಯಲ್ಲಿ ಉಳಿಯಿತು. ಮೇ 10ಕ್ಕೆ ಇಲ್ಲಿ 18–44 ವಯಸ್ಸಿನವರಿಗೆ ಲಸಿಕೆ ಶುರುವಾಯಿತು. ನಾಲ್ಕೇ ದಿನಕ್ಕೆ, ಎರಡನೇ ಡೋಸ್‌ಗೆ ಕಾದವರಿಗೇ ಇಲ್ಲವೆಂದು ನಿಂತಿತು. ಈ ವಯೋಮಾನದವರ ಲಸಿಕಾ ನೀತಿ ಮೇಲ್ನೋಟಕ್ಕೇ ಮನಸೋಇಚ್ಛೆಯದು, ತರ್ಕಹೀನವಾದುದು ಎಂದು ಸುಪ್ರೀಂ ಕೋರ್ಟ್ ಮೇ 31ರಂದು ಹೇಳಿತು. ಜೂನ್ 7ರಂದು ಪ್ರಧಾನಿ ನೀತಿ ಬದಲಿಸಿದರು. ಜೂನ್ 21ರಿಂದ ಕೇಂದ್ರವೇ ಶೇ 75ರಷ್ಟನ್ನು ಕೊಂಡು ರಾಜ್ಯಗಳಿಗೆ ಉಚಿತವಾಗಿ ಕೊಟ್ಟಿತು, ಶೇ 25 ಖಾಸಗಿಗೆ ಉಳಿಯಿತು.

ಇಷ್ಟು ಎಲ್ಲರಿಗೂ ಗೊತ್ತಿದೆ. ಕೇಂದ್ರ ಕಡಿಮೆ ಕೊಟ್ಟಿತೋ ರಾಜ್ಯ ಎಡವಿತೋ ಎಂಬ ಜಗಳದಲ್ಲಿ ಮರೆಯಾದದ್ದು ಕೊನೆಯ ಹಂತ: ರಾಜ್ಯದ ಉಗ್ರಾಣದಿಂದ ನಗರದ ಸುಮಾರು 140 ನಗರ ಪ್ರಾಥಮಿಕ ಆರೋಗ್ಯ ಕೇಂದ್ರಗಳವರೆಗಿನ ದಾರಿ. ಅನ್ಯಾಯ ಜನರ ಮುಖಕ್ಕೆ ಬಡಿದದ್ದು ಅಲ್ಲಿ.

ಒಂದು ವಯಲ್ಲನ್ನು ಹತ್ತಿರದಿಂದ ನೋಡೋಣ. ಕೋವಿಶೀಲ್ಡ್‌ನ ವಯಲ್‌ನಲ್ಲಿ 5 ಎಂಎಲ್, ತಲಾ 0.5 ಎಂಎಲ್‌ನ 10 ಡೋಸ್. ಮುಚ್ಚಿದ್ದಾಗ 2ರಿಂದ 8 ಡಿಗ್ರಿಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಒಮ್ಮೆ ಸೂಜಿ ಚುಚ್ಚಿದರೆ 4 ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು ಎಂಬುದು ಆಗಿನ ನಿಯಮ. ಆರೋಗ್ಯ ಕೇಂದ್ರಕ್ಕೆ ಆ ದಿನ 36 ಜನ ಬಂದರೆ 4 ವಯಲ್ ತೆರೆಯಬೇಕು, 4 ಡೋಸ್ ಉಳಿಯುತ್ತದೆ, ವ್ಯರ್ಥ ಶೇ 10. 11 ಜನ ಬಂದರೆ 2 ವಯಲ್ ತೆರೆಯಬೇಕು, 9 ಡೋಸ್ ಉಳಿಯುತ್ತದೆ, ವ್ಯರ್ಥ ಶೇ 45. ಎರಡೂ ದಿನ ಲಸಿಕೆ ಹಾಕಿದ ಎಎನ್‌ಎಂ (ಸಹಾಯಕ ನರ್ಸ್) ಒಬ್ಬರೇ, ಕೆಲಸದಲ್ಲಿ ಲೋಪವೂ ಇಲ್ಲ. ಮೊದಲ ಮಾರ್ಗಸೂಚಿಯಲ್ಲಿ ಶೇ 10ರಷ್ಟು ವ್ಯರ್ಥಕ್ಕೆ ಅವಕಾಶ ಇಟ್ಟೇ, ಬೇಡಿಕೆಯನ್ನು 1.11ರಿಂದ ಗುಣಿಸಿ ಲೆಕ್ಕ ಹಾಕಲು ಹೇಳಲಾಗಿತ್ತು. ಅಭಾವ ಬಂದ ಮೇಲೆ ಇದನ್ನು ಶೇ 1ಕ್ಕಿಂತ ಕೆಳಗಿಳಿಸಿ ಎಂಬ ಒತ್ತಡ ಬಂತು. ಜೂನ್‌ನ ಹೊಸ ಮಾರ್ಗಸೂಚಿಯಂತೂ ವ್ಯರ್ಥ ಮಾಡಿದ ರಾಜ್ಯದ ಪಾಲಿಗೆ ಕತ್ತರಿ ಬೀಳುತ್ತದೆಂದು ಬರೆದೇ ಬಿಟ್ಟಿತು.

ಇದರ ಫಲ ಏನೆಂಬುದು ಲಸಿಕಾ ಕೇಂದ್ರದಲ್ಲಿ ನಿಂತವರಿಗೆ ಗೊತ್ತು. ಮಧ್ಯಾಹ್ನದ ಮೇಲೆ ಬಂದ ಮೂರ್ನಾಲ್ಕು ಜನರಿಗಾಗಿ ಹೊಸ ವಯಲ್ ತೆರೆಯಲು ಯಾರಿಗೂ ಧೈರ್ಯವಿಲ್ಲ. ‘ಹತ್ತು ಜನ ಆಗಲಿ, ಇಲ್ಲದಿದ್ದರೆ ನಾಳೆ ಬನ್ನಿ’ ಎನ್ನುವುದೇ ಸುರಕ್ಷಿತ. ಹಾಗೆ ವಾಪಸು ಹೋಗುವವರು ಯಾರು? ದಿನಗೂಲಿ ಮುಗಿಸಿ ಬಂದವರು, ನಾಲ್ಕು ಮನೆ ಕೆಲಸ ಮುಗಿಸಿಕೊಂಡು ಬಂದ ಹೆಂಗಸರು. ಅವರಿಗೆ ನಾಳೆ ಎಂದರೆ ಇನ್ನೊಂದು ದಿನದ ಕೂಲಿ. ಈ ತೊಡಕು ಕೋವಿಡ್‌ಗೆ ಮಾತ್ರ ಸೇರಿದ್ದಲ್ಲ. ಮಕ್ಕಳಿಗೆ ಹಾಕುವ ಬಿಸಿಜಿ, ದಡಾರ–ರುಬೆಲ್ಲಾ ಲಸಿಕೆಗಳ ವಯಲ್ಲನ್ನೂ ತೆರೆದ 4 ಗಂಟೆಯೊಳಗೆ ಮುಗಿಸಬೇಕು. ಒಂದೇ ಮಗು ಬಂದಾಗ ವಯಲ್ ತೆರೆಯಬೇಕೋ ಬೇಡವೋ ಎಂಬ ಅಳುಕು ಅಲ್ಲೂ ಇದ್ದೇ ಇದೆ.

ವ್ಯರ್ಥ ಎಂಬ ಒಂದೇ ಅಂಕಿಯಡಿ ಬೇರೆ ಬೇರೆ ಸಂಗತಿಗಳನ್ನು ತುಂಬಿದ್ದೂ ತಪ್ಪು. ತೆರೆದ ವಯಲ್‌ನಲ್ಲಿ ಉಳಿದದ್ದು ಬೇರೆ. ತೆರೆಯದ ವಯಲ್ ಅವಧಿ ಮೀರುವುದು, ಒಡೆಯುವುದು, ಹೆಪ್ಪುಗಟ್ಟುವುದು ಬೇರೆ. ಇವಕ್ಕೆ ಮೇಲ್ವಿಚಾರಣೆಯ ಲೋಪವೇ ಕಾರಣ. ಲಸಿಕೆ ಕೆಡುವುದು ಬಿಸಿಲಿಗೆ ಎಂದು ಜನ ತಿಳಿದಿದ್ದಾರೆ. ಕೋವಿಶೀಲ್ಡ್‌ನಂಥ ಲಸಿಕೆ ಹೆಪ್ಪುಗಟ್ಟಿದರೂ ಅಷ್ಟೇ ಕೆಡುತ್ತದೆ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ನೇರವಾಗಿ ವ್ಯಾಕ್ಸಿನ್ ಕ್ಯಾರಿಯರ್‌ಗೆ ಹಾಕಿದರೆ ಅದಕ್ಕೆ ಒತ್ತಿಕೊಂಡ ವಯಲ್ ಸೊನ್ನೆಗಿಂತ ಕೆಳಗಿಳಿಯುತ್ತದೆ. ಪ್ಯಾಕನ್ನು ಹೊರಗಿಟ್ಟು, ಮೈ ಬೆವರಿ, ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳಿದ ಮೇಲಷ್ಟೇ ನಾಲ್ಕು ಬದಿಗೆ ನಾಲ್ಕನ್ನು ಜೋಡಿಸಬೇಕು. ಬೆಳಿಗ್ಗೆ ಗಾಡಿ ಹೊರಡುವ ಅವಸರದಲ್ಲಿ ಬಿಟ್ಟುಹೋಗುವ ಕೆಲಸ ಇದು. ಕರೆಂಟ್ ಹೋದಾಗ ಲಸಿಕೆ ಇಡುವ ಫ್ರಿಜ್ ಆದ ಐಎಲ್‌ಆರ್‌ನ ಮುಚ್ಚಳ ತೆಗೆದು ತೆಗೆದು ನೋಡುವುದೂ ಇಂಥದ್ದೇ ತಪ್ಪು. ಮುಚ್ಚಿಟ್ಟಷ್ಟು ಹೊತ್ತೂ ಅದು ತಂಪು ಹಿಡಿದಿಡುತ್ತದೆ.

ಮೂರನೆಯದು ಬರೀ ಕಾಗದದ ವ್ಯರ್ಥ. 2021ರ ಮೇ ಕೊನೆಯಲ್ಲಿ ಜಾರ್ಖಂಡ್ ಶೇ 37ರಷ್ಟು ಲಸಿಕೆ ಹಾಳು ಮಾಡಿದೆ ಎಂದು ಕೇಂದ್ರ ಹೇಳಿತು. ತನ್ನಲ್ಲಿ ಹಾಳಾದದ್ದು ಶೇ 4.65 ಮಾತ್ರ, ತಾಂತ್ರಿಕ ತೊಂದರೆಯಿಂದ ಲಸಿಕೆಯ ನೋಂದಣಿ ಪೋರ್ಟಲ್ ಕೋವಿನ್‌ನಲ್ಲಿ ಪೂರ್ತಿ ನಮೂದಾಗಿಲ್ಲ ಎಂದು ಆ ರಾಜ್ಯ ಉತ್ತರಿಸಿತು. ಕಳಿಸಿದ್ದರಲ್ಲಿ ಕೋವಿನ್‌ಗೆ ಏರಿದ್ದನ್ನು ಕಳೆದು ಉಳಿದದ್ದೆಲ್ಲ ವ್ಯರ್ಥ ಎಂದುಕೊಂಡರೆ, ಡೇಟಾ ಎಂಟ್ರಿಯವರು ಒಂದು ದಿನ ರಜೆ ಹಾಕಿದರೂ ಲಸಿಕೆ ಹಾಳಾದಂತೆ ಕಾಣುತ್ತದೆ. ಅದೇ ತಿಂಗಳ ಆರಂಭದ ಹೊತ್ತಿಗೆ ಕೇರಳ ತನಗೆ ಬಂದ 73,38,806 ಡೋಸ್‌ಗಳಿಂದ 74,26,164 ಡೋಸ್ ಹಾಕಿತ್ತು. ಇದರಲ್ಲಿ ಪವಾಡವಿಲ್ಲ. ವಯಲ್‌ನಲ್ಲಿ 5 ಎಂಎಲ್‌ಗಿಂತ ಸ್ವಲ್ಪ ಹೆಚ್ಚೇ ತುಂಬಿರುತ್ತಾರೆ. ಒಳಗೆ ದ್ರವ ಉಳಿಸಿಕೊಳ್ಳದ ಸಿರಿಂಜ್ ಮತ್ತು ನುರಿತ ಕೈ ಇದ್ದರೆ ಹನ್ನೊಂದನೇ ಡೋಸ್ ಪೂರ್ತಿ ಬರುತ್ತದೆ. ಬರದಿದ್ದರೆ ಎರಡು ವಯಲ್‌ಗಳ ತಳದಲ್ಲಿ ಉಳಿದದ್ದನ್ನು ಕೂಡಿಸಿ ಒಂದು ಡೋಸ್ ಮಾಡಲೇಬಾರದು. ಆ ನರ್ಸ್‌ಗಳ ಕೈಚಳಕವನ್ನು ಪ್ರಧಾನಿಯೂ ಹೊಗಳಿದರು. ನಮ್ಮ ಎಎನ್‌ಎಂಗಳಿಗೂ ಅಂಥ ತರಬೇತಿ, ಅಂಥ ಸಿರಿಂಜ್ ಕೊಡಿ. ಉಳಿದ ಡೋಸ್‌ಗೆ ನೋಟಿಸ್ ಕೊಡಬೇಡಿ.

ಇನ್ನು ಹಂಚಿಕೆ. ‘ಚೆನ್ನಾಗಿ ನಡೆಯುವ’ ಕೇಂದ್ರಕ್ಕೆ ಹೆಚ್ಚು ಕಳಿಸುವುದು ಅಧಿಕಾರಿಗಳಿಗೆ ಸಹಜವಾಗಿ ತೋಚುವ ದಾರಿ. ಅದು ಎಲ್ಲಿಗೆ ಒಯ್ಯುತ್ತದೆ ಎಂದು ನೋಡಲು ಎರಡು ಕೇಂದ್ರಗಳನ್ನು ಊಹಿಸಿಕೊಳ್ಳಿ. ಎರಡರ ವ್ಯಾಪ್ತಿಯಲ್ಲೂ 60,000 ವಯಸ್ಕರು. ಒಂದರಲ್ಲಿ 40,000 ಜನರಿಗೆ, ಇನ್ನೊಂದರಲ್ಲಿ 15,000 ಜನರಿಗೆ ಮೊದಲ ಡೋಸ್ ಆಗಿದೆ. ಹಿಂದಿನ ವಾರ ಮೊದಲನೆಯದು ದಿನಕ್ಕೆ 500, ಎರಡನೆಯದು 150 ಹಾಕಿತು; ಎರಡನೆಯದಕ್ಕೆ ಬಂದದ್ದೇ 150 ಡೋಸ್. ಸಾಧನೆ ನೋಡಿ ಕಳಿಸಿದರೆ ಈ ವಾರವೂ ಅದೇ ಪಾಲು, ಮುಂದಿನ ವಾರವೂ ಅದೇ. ಬಾಕಿ ಉಳಿದವರನ್ನು ನೋಡಿ ಹಂಚಿದರೆ, 20,000ಕ್ಕೆ 45,000 ಎಂಬ ಪ್ರಮಾಣದಲ್ಲಿ ಅದೇ 650 ಡೋಸ್ 200 ಮತ್ತು 450 ಆಗುತ್ತದೆ. ಹೊಸ ನಿಯಮಕ್ಕೆ ಈ ಎರಡನೇ ಲೆಕ್ಕವೇ ಆಧಾರವಾಗಬೇಕು. ಅದಕ್ಕೂ ಮೊದಲು ಎರಡನೇ ಡೋಸ್‌ನ ದಿನ ಬಂದವರ ಪಾಲನ್ನು ತೆಗೆದಿಡಬೇಕು. ಇಂದು 100 ಜನರಿಗೆ ಕೋವ್ಯಾಕ್ಸಿನ್ ಮೊದಲ ಡೋಸ್ ಹಾಕಿದರೆ 28 ದಿನದ ಮೇಲೆ ಅದೇ ಕೇಂದ್ರಕ್ಕೆ 100 ಡೋಸ್ ಬೇಕು. ಇದು ಅಂದೇ ಗೊತ್ತಿರುವ ಸಂಗತಿ. ಆದರೂ ಎರಡನೇ ಡೋಸ್‌ಗೆ ಶೇ 70ರಷ್ಟು ಮೀಸಲಿಡಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಒತ್ತಿ ಹೇಳಿದ್ದು ಮೇ ಎರಡನೇ ವಾರದಲ್ಲಿ, ಸಾಲುಗಳು ಬೆಳೆದ ಮೇಲೆ.

ಕೋವಿನ್ ಈ ಅಂತರವನ್ನು ಇನ್ನಷ್ಟು ಹಿಗ್ಗಿಸಿತು. ಮೇನಲ್ಲಿ 18–44ರವರಿಗೆ ಆನ್‌ಲೈನ್ ನೋಂದಣಿ ಕಡ್ಡಾಯ, ಪೋರ್ಟಲ್ ಇದ್ದದ್ದು ಇಂಗ್ಲಿಷಿನಲ್ಲಿ. ಸ್ಲಾಟ್ ತೆರೆದ ಕ್ಷಣಕ್ಕೆ ಖಾಲಿ. ನಗರದಲ್ಲಿ ಸಿಗದವರು ಕಾರು ಹತ್ತಿ ದೇವನಹಳ್ಳಿ, ದೊಡ್ಡಬಳ್ಳಾಪುರ ಕಡೆಯ ಪಿಎಚ್‌ಸಿಗಳಿಗೆ ಹೋದರು, ಅಲ್ಲಿನ ಊರಿನವರು ನೋಡುತ್ತ ನಿಂತರು. ಹೋದವರನ್ನು ದೂರಿ ಪ್ರಯೋಜನವಿಲ್ಲ, ವ್ಯವಸ್ಥೆ ಬಾಗಿಲು ತೆರೆದದ್ದೇ ಹಾಗೆ. ಸರ್ಕಾರಿ ಕೇಂದ್ರಗಳಲ್ಲಿ ಸ್ಥಳದಲ್ಲೇ ನೋಂದಣಿಗೆ ಅನುಮತಿ ಬಂದದ್ದು ಮೇ 24ಕ್ಕೆ. ಖಾಸಗಿ ಪಾಲಿನ ಲಸಿಕೆ ಅಪಾರ್ಟ್‌ಮೆಂಟ್‌ಗಳ ಕ್ಲಬ್‌ಹೌಸ್‌ಗಳಿಗೆ, ಐಟಿ ಕಂಪನಿಗಳ ಕ್ಯಾಂಪಸ್‌ಗಳಿಗೆ ನಡೆದು ಹೋಯಿತು. ಜೂನ್‌ನಲ್ಲಿ ಬೆಲೆಗೆ ಮಿತಿ ಹಾಕಿದ ಮೇಲೂ ಖಾಸಗಿಯಲ್ಲಿ ಕೋವಿಶೀಲ್ಡ್ ಡೋಸ್‌ಗೆ 780, ಕೋವ್ಯಾಕ್ಸಿನ್‌ಗೆ 1,410 ರೂಪಾಯಿ. ನಾಲ್ಕು ಜನರ ಮನೆಗೆ ಎರಡೆರಡು ಡೋಸ್ ಕೋವಿಶೀಲ್ಡ್ ಎಂದರೆ 6,240 ರೂಪಾಯಿ.

ಆಗ ನಗರದಲ್ಲಿ ಕಾರ್ಪೊರೇಟರ್‌ಗಳೂ ಇರಲಿಲ್ಲ. 198 ವಾರ್ಡುಗಳ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲೇ ಮುಗಿದಿತ್ತು. ನಮ್ಮ ವಾರ್ಡಿಗೆ ಏಕೆ ಕಡಿಮೆ ಎಂದು ಸಭೆಯಲ್ಲಿ ಎದ್ದು ಕೇಳುವ, ಕೇಳಿದ್ದು ದಾಖಲಾಗುವ ಜಾಗವೇ ಇರಲಿಲ್ಲ. ಆ ಖಾಲಿ ಜಾಗದಲ್ಲಿ ಫೋನ್ ಕರೆಗಳು ಕೆಲಸ ಮಾಡಿದವು. ನಸುಕಿನಲ್ಲೇ ಸಾಲು ನಿಂತವರಿಗೆ ‘ಟೋಕನ್ ಮುಗಿದಿದೆ’ ಎಂಬ ಉತ್ತರ, ಟೋಕನ್‌ಗಳು ಪ್ರಭಾವಿಗಳ ಕಡೆಯವರ ಕೈ ಸೇರಿವೆ ಎಂಬ ದೂರು ಆ ದಿನಗಳಲ್ಲಿ ಮತ್ತೆ ಮತ್ತೆ ಕೇಳಿಬಂತು. ನಿಜವೋ ಸುಳ್ಳೋ ಪರೀಕ್ಷಿಸಲು ಜನರ ಬಳಿ ಅಂಕಿ ಇರಲಿಲ್ಲ. ಕೇಂದ್ರಕ್ಕೆ ಇಂದು ಬಂದದ್ದು 200 ಡೋಸ್ ಎಂದು ಗೊತ್ತಿದ್ದರೆ 60ನೇ ಟೋಕನ್‌ಗೇ ಏಕೆ ಮುಗಿಯಿತು ಎಂದು ಕೇಳಬಹುದಿತ್ತು.

ಅಂಕಿ ಸರ್ಕಾರದ ಬಳಿ ಖಂಡಿತ ಇತ್ತು. ಇವಿನ್ ಎಂಬ ವ್ಯವಸ್ಥೆಯಲ್ಲಿ ಲಸಿಕೆಯನ್ನು ತಂಪಾಗಿಡುವ ಪ್ರತಿ ಶೀತಲ ಸರಪಳಿ ಕೇಂದ್ರದ ದಾಸ್ತಾನು, ಐಎಲ್‌ಆರ್‌ನ ತಾಪಮಾನ ಎರಡೂ ದಾಖಲಾಗುತ್ತವೆ. ಆದರೆ 2021ರ ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ರಾಜ್ಯಗಳಿಗೆ ಪತ್ರ ಬರೆದು, ಈ ಮಾಹಿತಿ ಸೂಕ್ಷ್ಮವಾದುದು, ತನ್ನ ಒಪ್ಪಿಗೆಯಿಲ್ಲದೆ ಮಾಧ್ಯಮಕ್ಕಾಗಲಿ ಬೇರೆ ಸಂಸ್ಥೆಗಾಗಲಿ ಕೊಡಕೂಡದು ಎಂದಿತು. ವಾಣಿಜ್ಯ ದುರ್ಬಳಕೆ ತಡೆಯಲು ಹೀಗೆ ಮಾಡಿದ್ದೆಂದು ಆಮೇಲೆ ಸಮಜಾಯಿಷಿ ಬಂತು. ಯಾವ ಕಂಪನಿಯ ಫ್ರಿಜ್ ಎಷ್ಟು ಡಿಗ್ರಿ ತೋರಿಸಿತು ಎಂಬುದನ್ನು ಗುಟ್ಟಾಗಿಡಲಿ. ಜನರ ತೆರಿಗೆಯಲ್ಲಿ ಕೊಂಡ ಲಸಿಕೆ ಇಂದು ನಮ್ಮ ಬೀದಿಯ ಕೇಂದ್ರದಲ್ಲಿ ಎಷ್ಟಿದೆ ಎಂಬುದು ಗುಟ್ಟಾಗಲು ಕಾರಣವೇ ಇಲ್ಲ.

ಐದೂ ಪಾಲಿಕೆಗಳು ಮಾಡಬೇಕಾದದ್ದು ದುಬಾರಿಯ ಕೆಲಸವಲ್ಲ. ಪ್ರತಿ ಕೇಂದ್ರದ ಗೇಟಿನ ಹೊರಗೆ, ಬಾಗಿಲು ಮುಚ್ಚಿದ ಮೇಲೂ ಓದಲು ಸಿಗುವಂತೆ ಒಂದು ಕರಿಹಲಗೆ. ಬೆಳಿಗ್ಗೆ ಇದ್ದದ್ದು, ಹೊಸದಾಗಿ ಬಂದದ್ದು, ತೆರೆದ ವಯಲ್, ಹಾಕಿದ ಡೋಸ್, ಎಸೆದದ್ದು, ನಾಳೆಗೆ ಉಳಿದದ್ದು: ಆರು ಅಂಕಿ, ಮೆಡಿಕಲ್ ಆಫೀಸರ್ ಸಹಿ. ರಾತ್ರಿಯೊಳಗೆ ಅದೇ ಅಂಕಿ ಪಾಲಿಕೆಯ ಜಾಲತಾಣದಲ್ಲಿ ಕನ್ನಡದಲ್ಲಿ, ಎಲ್ಲ ಕೇಂದ್ರಗಳದೂ ಒಂದೇ ಪುಟದಲ್ಲಿ; ಅಕ್ಕಪಕ್ಕದ ವಾರ್ಡ್ ಹೋಲಿಸಿ ನೋಡಲು ಬರಬೇಕು. ಟೋಕನ್‌ಗೆ ಕ್ರಮಸಂಖ್ಯೆ ಮತ್ತು ಸೀಲು, ಕೊಡುವುದು ಕೌಂಟರ್‌ನಲ್ಲಿ ಮಾತ್ರ, ಪಡೆದವರ ರಿಜಿಸ್ಟರ್ ಲೆಕ್ಕಪರಿಶೋಧನೆಗೆ ಸಿಗುವಂತೆ ಇಡಬೇಕು. ಅರ್ಧದಷ್ಟು ಡೋಸ್ ನೇರವಾಗಿ ನಡೆದು ಬಂದವರಿಗೆ. ಕೊನೆಯ ವಯಲ್‌ಗಾಗಿ ಆಶಾ ಕಾರ್ಯಕರ್ತೆಯ ಬಳಿ ಹತ್ತಿರದ ಬೀದಿಗಳ ಹದಿನೈದಿಪ್ಪತ್ತು ಜನರ ಕಾಯುವ ಪಟ್ಟಿ ಇದ್ದರೆ ಸಂಜೆ ನಾಲ್ಕಕ್ಕೆ ಕರೆದರೂ ಬರುತ್ತಾರೆ. ಬರದಿದ್ದರೂ ಬಂದವರಿಗೆ ಹಾಕಿ ಉಳಿದದ್ದನ್ನು ಎಸೆಯಲು ಲಿಖಿತ ಅನುಮತಿ ಇರಲಿ. ತೆರೆದ ವಯಲ್‌ನ ಉಳಿಕೆಯನ್ನೂ ಮುಚ್ಚಿದ ವಯಲ್‌ನ ನಷ್ಟವನ್ನೂ ಬೇರೆ ಬೇರೆ ಕಾಲಂನಲ್ಲಿ ಬರೆಯಲಿ.

ಐದು ಪಾಲಿಕೆಗಳಾದ ಮೇಲೆ ಗಡಿಯ ಗೊಂದಲವೂ ಸೇರಿಕೊಂಡಿದೆ. ರಸ್ತೆಯ ಈಚೆ ಒಂದು ಪಾಲಿಕೆ, ಆಚೆ ಇನ್ನೊಂದು. ಈಚೆಯ ಕೇಂದ್ರದಲ್ಲಿ ಮಿಕ್ಕದ್ದನ್ನು ಆಚೆಗೆ ಕೊಡಲು ಯಾರ ಸಹಿ ಬೇಕು? ರಾಜ್ಯದ ಉಗ್ರಾಣದಿಂದ ಐದಕ್ಕೂ ಪಾಲು ಹಂಚುವವರು ಆರೋಗ್ಯ ಇಲಾಖೆಯೋ ಪ್ರಾಧಿಕಾರವೋ? ಖಾಸಗಿ ಆಸ್ಪತ್ರೆ ಬಳಸದೆ ಉಳಿಸಿಕೊಂಡ ವಯಲ್, ಅವಧಿ ಮುಗಿಯಲು 60 ದಿನ ಇರುವಾಗಲೇ ಸರ್ಕಾರಿ ಕೇಂದ್ರಕ್ಕೆ ಬರುವಂತೆ ಖರೀದಿಯ ಹೊತ್ತಿಗೇ ಷರತ್ತು ಹಾಕಬಹುದಲ್ಲವೇ? ಪಾಲಿಕೆಗಳ ಆಯುಕ್ತರೂ ಇಲಾಖೆಯೂ ಕೂತು ಇವಕ್ಕೆಲ್ಲ ಒಂದು ಲಿಖಿತ ಆದೇಶ ಹೊರಡಿಸಿ, ಕರಡನ್ನು ವಾರ್ಡ್ ಸಮಿತಿಗಳ ಮುಂದಿಟ್ಟು ಆಕ್ಷೇಪಣೆಗೆ 30 ದಿನ ಕೊಡಲಿ. ಕರಿಹಲಗೆಯನ್ನು ಮಾತ್ರ ಅಲ್ಲಿಯವರೆಗೆ ಕಾಯಿಸಬೇಕಿಲ್ಲ. ಮಕ್ಕಳ ಲಸಿಕೆಯ ದಾಸ್ತಾನಿನಿಂದಲೇ ಮುಂದಿನ ವಾರ ಶುರು ಮಾಡಬಹುದು.

— ನಗರದ ಲಸಿಕಾ ಕಾರ್ಯಕ್ರಮಗಳಲ್ಲಿ ದುಡಿದ ಸಾರ್ವಜನಿಕ ಆರೋಗ್ಯ ಕಾರ್ಯಕರ್ತರು, ಬೆಂಗಳೂರು