ಪ್ರವಾಸದ ಸುತ್ತೋಲೆಯಲ್ಲಿ ಉಣುಗಿಗೂ ಜಾಗವಿರಲಿ

ಮಾನ್ಯರೇ,

ಶಾಲಾ ಪ್ರವಾಸದ ಬಸ್ಸುಗಳು ಮಲೆನಾಡಿನ ಕಾಡಿಗೆ ಬರುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಮಂಗನ ಕಾಯಿಲೆ ಹರಡುವ ಉಣುಗಿನ (ದನ, ನಾಯಿಗಳಿಗೂ ಅಂಟಿ ರಕ್ತ ಹೀರುವ ಪುಟ್ಟ ಜೀವಿ) ಮರಿಗಳು ತರಗೆಲೆಯಲ್ಲಿ ಹೆಚ್ಚುವುದೂ ಆಗಲೇ. 1957ರಲ್ಲಿ ಈ ರೋಗ ಪತ್ತೆಯಾದದ್ದು ನಮ್ಮದೇ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ. ಆದರೂ ಸುತ್ತೋಲೆಗಳಲ್ಲಿ ಟೋಪಿ, ತಿಂಡಿ ಡಬ್ಬಿಯದ್ದೇ ಮಾತು.

ಮಕ್ಕಳಿಗೆ ತಿಳಿಬಣ್ಣದ ಉದ್ದ ಪ್ಯಾಂಟು ಇರಲಿ. ಎಳ್ಳಿನಷ್ಟು ಚಿಕ್ಕ ಮರಿ ಕಪ್ಪು ಬಟ್ಟೆಯ ಮೇಲೆ ಕಾಣದು. ಪ್ಯಾಂಟಿನ ಅಂಚು ಕಾಲುಚೀಲದೊಳಗೆ ಹೋಗಲಿ. ತರಗೆಲೆಯ ಮೇಲೆ ಕೂರಿಸಿ ಊಟ ಬಡಿಸುವುದಂತೂ ಬೇಡವೇ ಬೇಡ. ಸಂಜೆ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ, ಸೊಂಟದ ಸುತ್ತ ನೋಡಿ. ಉಣುಗು ಕಚ್ಚಿಕೊಂಡಿದ್ದರೆ ಸೀಮೆಎಣ್ಣೆ, ಸುಣ್ಣ ಹಚ್ಚಬೇಡಿ. ಚಿಮಟದಿಂದ ಚರ್ಮಕ್ಕೆ ತಾಗುವಂತೆ ಹಿಡಿದು, ಹೊಟ್ಟೆ ಹಿಸುಕದೆ, ನೇರ ಮೇಲಕ್ಕೆ ಎಳೆದು ಸೋಪಿನಲ್ಲಿ ತೊಳೆಯಿರಿ. ಊರಿಗೆ ಮರಳಿದ ವಾರದೊಳಗೆ ಚಳಿಜ್ವರ, ತಲೆನೋವು ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿ.

ಇಂಬಳಕ್ಕೆ, ಅಂದರೆ ಜಿಗಣೆಗೆ, ಹೆದರಿ ಮಳೆಗಾಲದ ಪ್ರವಾಸ ಬಿಡುವವರೇ ಹೆಚ್ಚು. ಅದು ಕುಡಿಯುವುದು ಒಂದಿಷ್ಟು ರಕ್ತ, ಅಷ್ಟೇ. ನಮ್ಮ ತಾಲ್ಲೂಕಿನ ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ ಗೂಡು ಕಟ್ಟುವುದು ಮಳೆಗಾಲದಲ್ಲೇ. ಜನವರಿಯಲ್ಲಿ ಬಂದ ಮಕ್ಕಳು ನೋಡುವುದು ಬರೀ ಮರ.

– ಚಾರಣ ಮಾರ್ಗದರ್ಶಕರು, ತೀರ್ಥಹಳ್ಳಿ