ನಿನ್ನ ಕ್ಲಬ್ಬನ್ನು ನಾನು ಮುಚ್ಚಿಸಲಿಲ್ಲ ಕಣೇ

ಪ್ರೀತಿಯ ಚಿನ್ನು,

ಮೊನ್ನೆ ಮಾತಿನ ಮಧ್ಯೆ ನೀನು ಫೋನ್ ಇಟ್ಟುಬಿಟ್ಟೆ. ಮತ್ತೆ ಮಾಡಿದರೆ ಎತ್ತಲಿಲ್ಲ. "ಎರಡು ದಿನ ಸುಮ್ಮನಿರು, ತಾನೇ ಮಾಡ್ತಾಳೆ" ಅಂದರು ನಿಮ್ಮಪ್ಪ. ನನಗೆ ಸುಮ್ಮನಿರೋಕೆ ಬರುತ್ತಾ? ವಾಟ್ಸಾಪಿನಲ್ಲಿ ಬರೆದರೆ ಅರ್ಧ ಓದಿ ಹೆಬ್ಬೆರಳಿನ ಗುರುತು ಕಳಿಸುತ್ತೀಯ. ಅದಕ್ಕೇ ಕಾಗದ.

ನಮ್ಮೂರ ಆಸ್ಟ್ರೇಲಿಯನ್ ಫುಟ್‌ಬಾಲ್, ನೆಟ್‌ಬಾಲ್ ಕ್ಲಬ್ ಮುಂದಿನ ವರ್ಷ ಆಡೋದಿಲ್ಲ ಅನ್ನೋದು ನಿನಗೆ ಫೇಸ್‌ಬುಕ್ಕಿನಿಂದ ಗೊತ್ತಾಗಬಾರದಿತ್ತು. ಸಭೆ ಮುಗಿದು, ಕುರ್ಚಿ ಮಡಿಚಿಟ್ಟು, ನಾನು ಕಾರಿಗೆ ಬರುವಷ್ಟರಲ್ಲಿ ಯಾರೋ ಹಾಕಿಬಿಟ್ಟಿದ್ದರು. ನಿನಗೆ ಬೇಜಾರಾಯ್ತು, ಕ್ಷಮಿಸು. ಆದರೆ "ನೀನೇ ಲೀಗಿನ ಸೆಕ್ರೆಟರಿ, ನೀನೇ ಮುಚ್ಚಿಸಿದೆ" ಅಂದೆಯಲ್ಲ, ಅದಕ್ಕೆ ಉತ್ತರ ಕೊಡದೆ ನಾನು ಬಿಡೋದಿಲ್ಲ.

ಲೀಗ್ ಅಂದರೆ ಸುತ್ತಲಿನ ಕ್ಲಬ್ಬುಗಳಿಗೆ ಪಂದ್ಯ ಹೊಂದಿಸೋದು ಅಷ್ಟೇ, ಅದು ಯಾವ ಕ್ಲಬ್ಬನ್ನೂ ಮುಚ್ಚಿಸೋದಿಲ್ಲ. ಕ್ಲಬ್ಬಿನ ಸದಸ್ಯರೇ ಸೇರಿ, ಕೈ ಎತ್ತಿ ತೀರ್ಮಾನ ಮಾಡುತ್ತಾರೆ. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಲೀಗಿನ ಕೆಲಸದಲ್ಲಿರುವವಳು ಒಂದು ಕ್ಲಬ್ಬಿನ ಮತಕ್ಕೆ ಕೈ ಎತ್ತೋದು ಸರಿಯಲ್ಲ ಅಂತ ಎತ್ತಲಿಲ್ಲ. ಮುಂದೆ ಕೂತವರ ಬೆನ್ನು ಮಾತ್ರ ಕಾಣುತ್ತಿತ್ತು. ಒಂದೊಂದೇ ಕೈ, ತುಂಬ ನಿಧಾನವಾಗಿ, ಭುಜದಿಂದ ಮೇಲಕ್ಕೂ ಹೋಗದ ಹಾಗೆ.

ಒಂದು ಕ್ಲಬ್ ಶನಿವಾರ ಮೈದಾನಕ್ಕೆ ಇಳಿಯಬೇಕಾದರೆ ಎಷ್ಟು ಜನ ಬೇಕು ಅಂತ ಯಾವತ್ತಾದರೂ ಲೆಕ್ಕ ಹಾಕಿದ್ದೀಯಾ? ಸೀನಿಯರ್ಸ್‌ಗೆ, ಅಂದರೆ ಫುಟ್‌ಬಾಲಿನ ಮೊದಲ ತಂಡಕ್ಕೆ, ಮೈದಾನದಲ್ಲಿ 18, ಬೆಂಚಿನಲ್ಲಿ 4. ರಿಸರ್ವ್ಸ್‌ಗೆ, ಅಂದರೆ ಎರಡನೇ ದರ್ಜೆಯವರಿಗೆ, ಇನ್ನೊಂದು ತಂಡ. ಅಂಡರ್ 17, ಅಂಡರ್ 14. ಆಮೇಲೆ ನಿಮ್ಮ ನೆಟ್‌ಬಾಲ್. ಎ, ಬಿ, ಸಿ ಗ್ರೇಡ್, ಚಿಕ್ಕವರ ತಂಡಗಳು, ಒಂದೊಂದಕ್ಕೂ ಕೋರ್ಟಿನಲ್ಲಿ 7 ಜನ. ಇದು ಬರೀ ಆಡುವವರ ಲೆಕ್ಕ. ಗೇಟಿನಲ್ಲಿ ದುಡ್ಡು ತೆಗೆದುಕೊಳ್ಳುವವರು, ಸೈರನ್ ಒತ್ತುವವರು, ಗೋಲಿನ ಹಿಂದೆ ಬಾವುಟ ಬೀಸುವವರು, ನೀರಿನ ಬಾಟ್ಲಿ ಹಿಡಿದು ಓಡುವವರು, ಮಂಡಿಗೆ ಟೇಪ್ ಸುತ್ತುವವರು, ಕ್ಯಾಂಟೀನಿನಲ್ಲಿ ಪೈ ಬಿಸಿ ಮಾಡುವವರು ಬೇರೆ. ನಮ್ಮೂರಲ್ಲಿ ಇವರೆಲ್ಲ ಅದೇ ಹತ್ತು ಮನೆಯವರು. ಶುಕ್ರವಾರ ಮೈದಾನಕ್ಕೆ ಗೆರೆ ಎಳೆದವನೇ ಶನಿವಾರ ರಿಸರ್ವ್ಸ್ ಆಡಿ, ಸೀನಿಯರ್ಸ್‌ಗೆ ನೀರು ಕೊಟ್ಟು, ರಾತ್ರಿ ಬಾಣಲೆ ತೊಳೆದು ಮನೆಗೆ ಹೋಗುತ್ತಾನೆ. ಭಾನುವಾರ ಬೆಳಿಗ್ಗೆ ಮತ್ತೆ ಟ್ರ್ಯಾಕ್ಟರ್ ಹತ್ತುತ್ತಾನೆ, ಯಾಕೆಂದರೆ ಲೀಗ್ ಶುರುವಾಗೋದೂ ಏಪ್ರಿಲ್‌ನಲ್ಲಿ, ಗೋಧಿ, ಬಾರ್ಲಿ, ಕನೋಲಾ ಬಿತ್ತೋದೂ ಏಪ್ರಿಲ್, ಮೇನಲ್ಲಿ.

ಅವನ ತಾತನ ಕಾಲದಲ್ಲಿ ಅದೇ ಹೊಲಗಳಲ್ಲಿ ನಾಲ್ಕೈದು ಮನೆಯವರು ಇದ್ದರಂತೆ. ಈಗ ದೊಡ್ಡ ಯಂತ್ರಗಳು, ಒಂದೇ ಮನೆ. ಸುತ್ತಲಿನ ಕ್ಲಬ್ಬುಗಳ ಹೆಸರನ್ನೇ ನೋಡು. ಬರ್ಚಿಪ್-ವಾಚೆಮ್. ವಿಚಿಪ್ರೂಫ್-ನ್ಯಾರಾಪೋರ್ಟ್. ಸೀ ಲೇಕ್ ನಂಡಾಲಿ. ಒಂದು ಕಾಲಕ್ಕೆ ಒಬ್ಬರ ಮೇಲೊಬ್ಬರು ಬಿದ್ದು ಆಡುತ್ತಿದ್ದ ಊರುಗಳು ಜನ ಸಾಲದೆ ಜೊತೆಯಾದವು. ನಮ್ಮವರಿಗೆ ಸೇರಿಕೊಳ್ಳೋಕೆ ಪಕ್ಕದಲ್ಲಿ ಯಾರೂ ಉಳಿದಿಲ್ಲ ಅನ್ನೋದೇ ಕಷ್ಟ.

ದುಡ್ಡು ಕೊಟ್ಟು ಆಟಗಾರರನ್ನು ತರಿಸಬಹುದಿತ್ತು ಅಂದೆಯಲ್ಲ. ತರಿಸಿದರು. ಇಬ್ಬರು ಮೆಲ್ಬರ್ನಿನಿಂದ ಕಾರಿನಲ್ಲಿ ಬಂದು, ಆಡಿ, ರಾತ್ರಿಯೇ ವಾಪಸ್ ಹೋಗುತ್ತಿದ್ದರು. 1859ರಲ್ಲಿ ಮೆಲ್ಬರ್ನಿನವರು ನಿಯಮ ಬರೆದು ಹಳ್ಳಿಗಳಿಗೆ ಹಂಚಿದ ಆಟ, ಈಗ ಆಟಗಾರರನ್ನೂ ಅಲ್ಲಿಂದಲೇ ತರಿಸೋ ಹಾಗಾಗಿದೆ. ಅದಕ್ಕೂ ಮಿತಿ ಇದೆಯಲ್ಲ. ಪ್ರತಿ ಆಟಗಾರನಿಗೂ ಪಾಯಿಂಟ್. ಕ್ಲಬ್ಬಿನಲ್ಲೇ ಬೆಳೆದ ಹುಡುಗನಿಗೆ 1, ಈಚೆಗೆ ದೇಶದ ಅತಿ ದೊಡ್ಡ ಲೀಗ್ ಆದ ಎಎಫ್‌ಎಲ್ ಆಡಿ ಬಂದವನಿಗೆ 6. ತಂಡದ ಒಟ್ಟು ಪಾಯಿಂಟ್ ಗೆರೆ ದಾಟುವಂತಿಲ್ಲ. ಕೊಡುವ ದುಡ್ಡಿಗೂ ಹಾಗೇ. ಊರ ಹುಡುಗರಿಗೆ ಬೆಲೆ ಬರಲಿ ಅಂತ ಮಾಡಿದ ಒಳ್ಳೆಯ ನಿಯಮ ಅದು, ನಾನು ತೆಗಳೋದಿಲ್ಲ. ಆದರೆ ಊರಲ್ಲಿ ಹುಡುಗರೇ ಇಲ್ಲದಿದ್ದರೆ? ಜೂನ್ 30ಕ್ಕೆ ವರ್ಗಾವಣೆ ಮುಗಿಯುತ್ತೆ. ಆವತ್ತು ಸಂಜೆ ನಮ್ಮ ಕ್ಲಬ್ಬಿನ ಪ್ರೆಸಿಡೆಂಟ್ ಫೋನ್ ಮಾಡಿ, "ಎತ್ತರ ಇರೋ ಯಾರಾದರೂ ಸಿಕ್ತಾರಾ, ಆಟ ಬರದಿದ್ದರೂ ಪರವಾಗಿಲ್ಲ" ಅಂದರು.

ಜುಲೈನಲ್ಲಿ ಒಂದು ಶನಿವಾರ ನಮ್ಮ ಅಂಡರ್ 17 ತಂಡಕ್ಕೆ 11 ಹುಡುಗರು. ಎದುರಾಳಿಗಳು ಪಾಪ, ತಮ್ಮ ಹುಡುಗರನ್ನೇ ಸಾಲ ಕೊಟ್ಟರು. ಒಬ್ಬ ನಮ್ಮ ತಂಡದ ಅಂಗಿ ಹಾಕಿಕೊಂಡು ತನ್ನ ಅಣ್ಣನ ವಿರುದ್ಧವೇ ಆಡಿದ. ಗೋಲ್ ಹೊಡೆದ. ಹೊಡೆದು, ಯಾರ ಕಡೆ ಓಡಬೇಕು ಅಂತ ತೋಚದೆ ಕಂಬದ ಹತ್ತಿರವೇ ನಿಂತ. ಎಲ್ಲರೂ ನಕ್ಕರು. ನಾನೂ ನಕ್ಕೆ. ಈಗ ನೆನೆಸಿಕೊಂಡರೆ ಆವತ್ತೇ ಗೊತ್ತಾಗಿತ್ತು ಅನ್ನಿಸುತ್ತೆ.

ಮತ್ತೆ ತಲೆಪೆಟ್ಟಿನ ನಿಯಮ. 2024ರಿಂದ, ತಲೆಗೆ ಪೆಟ್ಟು ಬಿದ್ದು ಕನ್‌ಕಷನ್ ಆದರೆ ಕನಿಷ್ಠ 21 ದಿನ ಆಡುವಂತಿಲ್ಲ. ಇಬ್ಬರಿಗೆ ಒಂದೇ ದಿನ ಪೆಟ್ಟಾಯಿತು ಅಂದರೆ ಮೂರು ವಾರ ಇಬ್ಬರೂ ಇಲ್ಲ. ದೊಡ್ಡ ಊರಿನ ಕ್ಲಬ್ಬಿಗೆ ಅದು ಲೆಕ್ಕಕ್ಕಿಲ್ಲ, ನಮ್ಮಂಥವರಿಗೆ ತಂಡವೇ ಏಳೋದಿಲ್ಲ. "ಹುಡುಗ ಚೆನ್ನಾಗೇ ಇದ್ದಾನೆ, ಒಂದು ವಾರ ಬಿಟ್ಟುಕೊಡಿ" ಅಂತ ಕೋಚ್ ಒಬ್ಬರು ನಮ್ಮ ಮನೆ ಬಾಗಿಲಿಗೇ ಬಂದರು. ಕಾಫಿ ಕೊಟ್ಟೆ, ಬಿಟ್ಟುಕೊಡಲಿಲ್ಲ. ಆ ವಿಷಯದಲ್ಲಿ ನನಗೆ ಒಂಚೂರೂ ಬೇಜಾರಿಲ್ಲ.

ಉಳಿದ ಕೆಲಸ ನಿನಗೆ ಗೊತ್ತು. ರಾತ್ರಿ ಪ್ಲೇಹೆಚ್‌ಕ್ಯೂ ವೆಬ್‌ಸೈಟಿನಲ್ಲಿ ಸ್ಕೋರ್ ಸರಿಯಾಗಿದೆಯಾ ನೋಡೋದು, ತಪ್ಪಾಡಿದವರ ವಿಚಾರಣೆಯ ಟ್ರಿಬ್ಯೂನಲ್‌ಗೆ ಜನ ಹೊಂದಿಸೋದು, ಅಂಪೈರ್ ಸಿಗದ ಪಂದ್ಯಕ್ಕೆ ಗುರುವಾರ ರಾತ್ರಿ ತನಕ ಫೋನ್ ಮಾಡೋದು. ಒಂದೇ ಒಂದು ಕೆಲಸ ಇಷ್ಟವಾಯ್ತು. ಪಂದ್ಯ ಮುಗಿದ ಮೇಲೆ ಅಂಪೈರ್‌ಗಳು ಚೆನ್ನಾಗಿ ಆಡಿದ ಮೂವರಿಗೆ 3, 2, 1 ವೋಟ್ ಅಂತ ಹೆಸರು ಬರೆದು ಕವರಿಗೆ ಹಾಕಿ ಅಂಟಿಸಿ ಕೊಡುತ್ತಾರಲ್ಲ, ಅದು. ಕವರಿನ ಮೇಲೆಲ್ಲ ಕೆಸರಿನ ಬೆರಳು ಗುರುತು. ವೋಟ್ ಎಣಿಕೆಯ ರಾತ್ರಿ ತನಕ ತೆಗೆಯೋ ಹಾಗಿಲ್ಲ. ಬೀರುವಿನಲ್ಲಿ ರೇಷ್ಮೆ ಸೀರೆ ಕೆಳಗೆ ಇಟ್ಟಿದ್ದೆ. ನಿಮ್ಮಪ್ಪ ಒಂದು ದಿನ ಬೆಳಕಿಗೆ ಹಿಡಿದು ನೋಡುತ್ತಿದ್ದರು. ಬೈದೆ.

ಚಿನ್ನು, ಒಂದು ಮಾತು. ಹೋದ ವರ್ಷ ಜುಲೈನಲ್ಲಿ ನೀನು ಆ ದೂರದ ಮ್ಯಾಚಿಗೆ ಹೋಗಿದ್ದೆಯಲ್ಲ. ಲೈಸೆನ್ಸ್ ಬಂದು ಎರಡು ತಿಂಗಳೂ ಆಗಿರಲಿಲ್ಲ. ಹೊಸ ಲೈಸೆನ್ಸಿನ ಕೆಂಪು ಪಿ ಫಲಕ ಇದ್ದರೆ ನಿಮ್ಮ ವಯಸ್ಸಿನ ಒಬ್ಬರನ್ನು ಮಾತ್ರ ಕೂರಿಸಿಕೊಳ್ಳಬಹುದು ಅಂತ ಒಬ್ಬ ಗೆಳತಿ ಜೊತೆ ಹೋದೆ. ನಿಮ್ಮ ನೆಟ್‌ಬಾಲ್ ಮಧ್ಯಾಹ್ನಕ್ಕೇ ಮುಗಿದಿತ್ತು. ಸೀನಿಯರ್ಸ್ ನೋಡೋಕೆ ನಿಂತೆ. ಯಾಕೆ ನಿಂತೆ ಅಂತ ಆಗಲೂ ಕೇಳಲಿಲ್ಲ, ಈಗಲೂ ಕೇಳಲ್ಲ. ಇಲ್ಲಿ ಜುಲೈ ಅಂದರೆ ಚಳಿಗಾಲ, 5.30ಕ್ಕೆಲ್ಲ ಸೂರ್ಯ ಮುಳುಗಿರುತ್ತೆ. ಹೊರಟಿದ್ದೀವಿ ಅಂತ 5.15ಕ್ಕೆ ಮೆಸೇಜ್ ಹಾಕಿದೆ. ಒಂದೂವರೆ ಗಂಟೆ ದಾರಿ. ಏಳಾಯಿತು. ಏಳೂವರೆ ಆಯಿತು. ಆ ದಾರಿಯಲ್ಲಿ ನೆಟ್‌ವರ್ಕ್ ಇಲ್ಲ ಅನ್ನೋದು ಗೊತ್ತು, ಆದರೂ ಮತ್ತೆ ಮತ್ತೆ ಫೋನ್ ಮಾಡಿದೆ. ನಿಮ್ಮಪ್ಪ ಕಾರು ತೆಗೆದುಕೊಂಡು ಹೊರಟರು. ಎರಡು ದಾರಿ ಇದೆಯಲ್ಲ, ಅವರು ಯಾವುದರಲ್ಲಿ ಹೋದರು ಅಂತಲೂ ಕೇಳಲಿಲ್ಲ. ನೀನು ಇನ್ನೊಂದರಲ್ಲಿ ಬಿದ್ದಿದ್ದರೆ ಅನ್ನೋ ಯೋಚನೆ ಅವರು ಹೋದ ಮೇಲೆ ಬಂತು.

ಜಗಲಿಯಲ್ಲಿ ನಿಂತಿದ್ದೆ. ನಮ್ಮ ಕಡೆ ರಸ್ತೆ ಎಷ್ಟು ನೇರ ಅಂದರೆ, ದೀಪ ಕಂಡ ಮೇಲೂ ಗಾಡಿ ಬರೋಕೆ ಎಷ್ಟೋ ಹೊತ್ತು ಹಿಡಿಯುತ್ತೆ. ಪ್ರತಿ ದೀಪವೂ ನೀನೇ ಅಂದುಕೊಂಡೆ. ಧಾನ್ಯದ ಲಾರಿ. ಇನ್ನೊಂದು ಲಾರಿ. ಯಾರದೋ ಯೂಟ್, ಹಿಂದೆ ಸಾಮಾನು ಹಾಕೋ ಗಾಡಿ. ತಿಪಟೂರಿಗೆ ಫೋನ್ ಮಾಡಿ ಅಮ್ಮನ ಹತ್ತಿರ ದೇವರಿಗೆ ದೀಪ ಹಚ್ಚಿಸೋಣ ಅಂದುಕೊಂಡೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ ಅಂತ ಬಿಟ್ಟೆ. ಎಂಟಕ್ಕೆ ನೀನು ಬಂದೆ. ಮುಂದಿನ ಬಂಪರ್ ಒಳಗೆ ಹೋಗಿತ್ತು, ಒಂದು ಕಡೆ ದೀಪ ಇರಲಿಲ್ಲ. "ಕಾಂಗರೂ ಅಷ್ಟೇ ಅಮ್ಮ, ನಮಗೇನೂ ಆಗಿಲ್ಲ" ಅಂದೆ. ನಾನು "ಅನ್ನ ತಣ್ಣಗಾಗಿದೆ" ಅಂದೆ. ಅಷ್ಟೇ ಬಾಯಿಗೆ ಬಂದದ್ದು.

ಮಾರನೇ ದಿನ ನೀನು ಏಳೋ ಮೊದಲು ಕಾರು ನೋಡಿದೆ. ಗ್ರಿಲ್ಲಿನ ಸಂದಿಯಲ್ಲಿ ಬೂದು ಕೂದಲು ಸಿಕ್ಕಿಕೊಂಡಿತ್ತು, ರಕ್ತ ಒಣಗಿತ್ತು. ಹಳೇ ಟೂತ್‌ಬ್ರಷ್ ತಂದು ಒಂದೊಂದೇ ಸಂದಿ ಉಜ್ಜಿದೆ. ಎಷ್ಟು ಉಜ್ಜಿದರೂ ಎಲ್ಲೋ ಒಂದು ಕೂದಲು ಉಳಿದಿರುತ್ತಿತ್ತು. ಈಗಲೂ ಆ ಕಾರಿನ ಮುಂದೆ ಹಾದು ಹೋಗುವಾಗ ಬಗ್ಗಿ ನೋಡುತ್ತೇನೆ. ಕಾರು ಈಗ ನಿಮ್ಮಪ್ಪನದು, ಗ್ರಿಲ್ಲೂ ಹೊಸದು. ಆದರೂ.

ಈ ವರ್ಷದ ಡ್ರಾ, ಅಂದರೆ ಯಾರು ಯಾವತ್ತು ಎಲ್ಲಿ ಆಡಬೇಕು ಅನ್ನೋ ಪಟ್ಟಿ, ಹಾಕುವಾಗ ಎಲ್ಲರೂ ಗೇಟ್ ಕಲೆಕ್ಷನ್ ನೋಡಿದರು, ಯೋಧರನ್ನು ನೆನೆಯೋ ಆನ್ಜಾಕ್ ರಜೆಯ ದಿನ ತಮ್ಮೂರ ಮೈದಾನದಲ್ಲಿ ಆಡಬೇಕು ಅಂತ ಜಗಳ ಆಡಿದರು. ನಾನು ಸೂರ್ಯ ಮುಳುಗೋ ಹೊತ್ತು ನೋಡಿದೆ. ದೂರದ ಪಂದ್ಯಗಳನ್ನೆಲ್ಲ ಏಪ್ರಿಲ್, ಆಗಸ್ಟ್‌ಗೆ ತಳ್ಳಿದೆ. ಯಾಕೆ ಹಿಂಗೆ ಅಂತ ಯಾರಿಗೂ ಹೇಳಲಿಲ್ಲ. ಈಗ ಕ್ಲಬ್ ನಿಂತರೆ ನಮ್ಮೂರ ಮಕ್ಕಳು ಮಂಗಳವಾರ, ಗುರುವಾರ ಪ್ರಾಕ್ಟೀಸಿಗೇ ಮುಂದಿನ ಊರಿಗೆ ಹೋಗಬೇಕು, ಕತ್ತಲಲ್ಲಿ ವಾಪಸ್ ಬರಬೇಕು. ಶನಿವಾರ ಒಂದೇ ದಿನ ಅಲ್ಲ, ವಾರಕ್ಕೆ ಮೂರು ದಿನ. ಇದು ಆಗಲಿ ಅಂತ ನಾನು ಆಸೆಪಡುತ್ತೇನಾ, ನೀನೇ ಹೇಳು.

ಹೇಳಬಾರದು ಅಂದುಕೊಂಡಿದ್ದೆ, ಹೇಳುತ್ತೇನೆ. ಊರು ಬಿಟ್ಟವರಲ್ಲಿ ನೀನೂ ಒಬ್ಬಳು. ಎ ಗ್ರೇಡ್‌ಗೆ ವಿಂಗ್ ಡಿಫೆನ್ಸ್ ಜಾಗಕ್ಕೆ ಯಾರೂ ಸಿಗದೆ ಈ ವರ್ಷ ಇಬ್ಬರು ಮಕ್ಕಳ ತಾಯಿಯನ್ನು ಆಡಿಸಿದರು. ಹೋಗು, ಓದು ಅಂತ ತಳ್ಳಿದವಳು ನಾನೇ. ನಾನೂ ತಿಪಟೂರು ಬಿಟ್ಟು ಬಂದವಳೇ. ನಿನ್ನನ್ನು ಯಾವ ಬಾಯಲ್ಲಿ ಕೇಳಲಿ? ಕೇಳುತ್ತಿಲ್ಲ. ಆದರೆ ಇಲ್ಲಿ ಉಳಿದವರ ಮೇಲೆ ಕೂಗಾಡಬೇಡ. ಫೇಸ್‌ಬುಕ್ಕಿನಲ್ಲಿ "ಕಮಿಟಿಗೆ ನಾಚಿಕೆಯಾಗಬೇಕು" ಅಂತ ಬರೆದೆಯಲ್ಲ, ಆ ಕಮಿಟಿಯಲ್ಲಿ ನಿನಗೆ ಶೂ ಲೇಸ್ ಕಟ್ಟಿದವರು ಇದ್ದಾರೆ. ತೆಗೆದುಹಾಕು. ಇವತ್ತೇ ತೆಗಿ. ಸಿಟ್ಟು ಬಂದಾಗ ಬರೆಯಬಾರದು, ಬರೆದರೂ ಊರಿಗೆಲ್ಲ ತೋರಿಸಬಾರದು. ಮತ್ತೆ ಕ್ರಿಸ್‌ಮಸ್‌ಗೆ ಬರುವಾಗ ಬೆಳಿಗ್ಗೆ ಹೊರಡು. ಟೈರಿಗೆ ಗಾಳಿ ನೋಡಿಸು. ಕಾಂಗರೂ ಅಡ್ಡ ಬಂದರೆ ಸ್ಟೀರಿಂಗ್ ತಿರುಗಿಸಬೇಡ, ನೇರವಾಗಿ ಬ್ರೇಕ್ ಹಾಕು, ಅದು ಹೋದರೆ ಹೋಗಲಿ. ನೀನು ನಕ್ಕರೂ ಸರಿ, ಇದನ್ನು ಪ್ರತಿ ಸಲವೂ ಹೇಳುತ್ತೇನೆ.

ನೀನು ಅಂಡರ್ 13 ಹುಡುಗಿಯರಿಗೆ ಕೋಚ್ ಆಗಿದ್ದೆಯಲ್ಲ, ಅವರ ಅಮ್ಮಂದಿರು ಈಗಲೂ ಅಂಗಡಿಯಲ್ಲಿ ಸಿಕ್ಕರೆ ನಿನ್ನನ್ನೇ ಕೇಳುತ್ತಾರೆ. ಆ ಕುಳ್ಳಿ, ಹೆದರಿಕೊಂಡು ಚೆಂಡು ಹಿಡಿಯದೆ ಇದ್ದವಳು, ಈ ವರ್ಷ ಒಳ್ಳೆಯ ಆಟಗಾರ್ತಿಗೆ ಕೊಡೋ ಬೆಸ್ಟ್ ಆಂಡ್ ಫೇರೆಸ್ಟ್ ಬಹುಮಾನ ತಗೊಂಡಳು. ವೇದಿಕೆ ಮೇಲೆ ನಿನ್ನ ಹೆಸರು ಹೇಳಿದಳು. ಅವಳು ತಪ್ಪಾಗಿ ಉಚ್ಚರಿಸಿದಳು, ನಾನು ತಿದ್ದಲಿಲ್ಲ. ಹಿಂದಿನ ಮೇಜಿನವರಿಗೆ "ನನ್ನ ಮಗಳು" ಅಂತ ಹೇಳಿದೆ, ಅವರಿಗೆ ಗೊತ್ತಿದ್ದರೂ.

ಈಗ ಕೆಲಸದ ಮಾತು. ಡಿಸೆಂಬರ್ ಸಭೆಗೆ 7 ಕ್ಲಬ್ಬಿನ ಡ್ರಾ ಇಡಬೇಕು. 8 ಇದ್ದಾಗ ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ, 14 ವಾರ, ಮುಗೀತು. 7 ಆದರೆ ಪ್ರತಿ ಶನಿವಾರ ಒಬ್ಬರು ಸುಮ್ನೆ ಕೂರಬೇಕು. ಕೂತವರ ಹುಡುಗರು ಮೆಲ್ಬರ್ನಿಗೆ ಹೋಗುತ್ತಾರೆ, ಕ್ಯಾಂಟೀನ್ ಖಾಲಿ. ಎಕ್ಸೆಲ್ ಫೈಲ್ ನಿನಗೆ ಮೇಲ್ ಮಾಡಿದ್ದೇನೆ. ಸಿಟ್ಟು ಇಟ್ಟುಕೊಂಡೇ ಮಾಡು, ಪರವಾಗಿಲ್ಲ. ಮೇ, ಜೂನ್, ಜುಲೈ ಸಾಲುಗಳಿಗೆ ಹಳದಿ ಬಣ್ಣ ಹಾಕಿದ್ದೇನೆ, ಅಲ್ಲಿ ಒಂದು ಗಂಟೆ ಮೀರಿದ ದಾರಿ ಬರಬಾರದು. ರಾಜನ ಹುಟ್ಟುಹಬ್ಬದ ರಜೆ ಇರೋ ಕಿಂಗ್ಸ್ ಬರ್ತ್‌ಡೇ ವಾರ ನಮಗೇ ರಜೆ ಬೇಕು ಅಂತ ಮೂರು ಕ್ಲಬ್ಬಿನವರು ಕೇಳಿದ್ದಾರೆ. ಒಬ್ಬರಿಗೆ ಮಾತ್ರ ಕೊಡೋಕಾಗೋದು. ಯಾರಿಗೆ ಅಂತ ನೀನು ಹೇಳು. ಬೈಸಿಕೊಳ್ಳೋಕೆ ನಾನಿದ್ದೇನೆ.

ಅಮ್ಮ