ಅವೇಟ್‌ಗೂ ಮೊದಲು ಪ್ರಾಮಿಸ್ ಕಲಿಸಿ

ಸಂಪಾದಕರೇ,

ಜಾವಾಸ್ಕ್ರಿಪ್ಟ್ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ನಿಮ್ಮ ಅಂಕಣವನ್ನು ಒಂದು ವಾರವೂ ಬಿಡದೆ ಓದುತ್ತೇನೆ. ಆದರೆ ಕಳೆದ ಕಂತಿನ ಒಂದು ಮಾತು ಸರಿಯಿಲ್ಲ. ಒಂದು ಕೆಲಸ ಮುಗಿಯುವವರೆಗೆ ಕಾಯಿಸುವ ಅವೇಟ್ ಪದದ ಬಗ್ಗೆ, 'ಅವೇಟ್ ಬರೆದರೆ ಪ್ರೋಗ್ರಾಂ ಅಲ್ಲೇ ಕಾಯುತ್ತದೆ' ಎಂದು ಬರೆದಿದ್ದೀರಿ. ಕಾಯುವುದು ಆ ಅವೇಟ್ ಇರುವ ಅಸಿಂಕ್ ಫಂಕ್ಷನ್ (ಒಳಗೆ ಅವೇಟ್ ಬಳಸಬಹುದಾದ ಕೋಡ್ ತುಂಡು) ಒಂದೇ. ಅದನ್ನು ಕರೆದ ಕೋಡ್‌ಗೆ ತಕ್ಷಣ ಒಂದು ಪ್ರಾಮಿಸ್, ಅಂದರೆ 'ಫಲಿತಾಂಶ ಆಮೇಲೆ ಬರುತ್ತದೆ' ಎಂಬ ಚೀಟಿಯಂಥದ್ದು, ಸಿಗುತ್ತದೆ. ಆ ಕೋಡ್ ಕೂಡ ಅದಕ್ಕೆ ಕಾಯದಿದ್ದರೆ ಮುಂದಿನ ಸಾಲು ಓಡಿಬಿಡುತ್ತದೆ.

ನನಗೆ ಇದು ಅರ್ಥವಾಗಿದ್ದು ಅಪ್ಪನ ಹಳೆಯ ಫೋಟೊಗಳನ್ನು ಕಳೆದುಕೊಂಡ ದಿನ. 212 ಫೋಟೊ ಸ್ಕ್ಯಾನ್ ಮಾಡಿ ಇಟ್ಟಿದ್ದೆ. ಅವನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ, ಹಳೆಯ ಫೋಲ್ಡರ್ ಅಳಿಸಲು ನೋಡ್‌ನಲ್ಲಿ (ಬ್ರೌಸರ್ ಇಲ್ಲದೆ ಜಾವಾಸ್ಕ್ರಿಪ್ಟ್ ಓಡಿಸುವ ತಂತ್ರಾಂಶ) ಪುಟ್ಟ ಪ್ರೋಗ್ರಾಂ ಬರೆದೆ. ಪಟ್ಟಿಯ ಪ್ರತಿಯೊಂದಕ್ಕೂ ಒಂದು ಫಂಕ್ಷನ್ ಓಡಿಸುವ ಫಾರ್‌ಈಚ್ ಒಳಗೆ ಅಸಿಂಕ್ ಫಂಕ್ಷನ್, ಅದರೊಳಗೆ ಅವೇಟ್. ಓದಿದರೆ ಎಲ್ಲ ಸರಿ ಇದೆ ಅನ್ನಿಸುತ್ತದೆ, ಅಲ್ವಾ? ಆದರೆ ಫಾರ್‌ಈಚ್ ತನಗೆ ಸಿಕ್ಕ ಪ್ರಾಮಿಸ್‌ಗಳನ್ನು ಸುಮ್ನೆ ಬಿಟ್ಟುಬಿಡುತ್ತದೆ. 212 ನಕಲುಗಳೂ ಶುರುವಾದವು, ಯಾವುದಕ್ಕೂ ಯಾರೂ ಕಾಯಲಿಲ್ಲ. 'ಎಲ್ಲ ನಕಲಾಯಿತು' ಎಂಬ ಸಾಲು ಪರದೆಗೆ ಬಂತು, ಫೋಲ್ಡರ್ ಅಳಿಸುವ ಕೆಲಸ ಆರಂಭವಾಯಿತು. ಅದರ ಬೆನ್ನಿಗೇ 'ಫೈಲ್ ಸಿಗಲಿಲ್ಲ' ಎಂಬ ದೋಷ. ಸುತ್ತ ದೋಷ ಹಿಡಿಯುವ ಟ್ರೈ-ಕ್ಯಾಚ್ ಹಾಕಿದ್ದೆ. ಆದರೆ ಕಾಯದೇ ಬಿಟ್ಟ ಪ್ರಾಮಿಸ್ ಸೋತರೆ ಹೊರಗಿನ ಕ್ಯಾಚ್‌ಗೆ ಅದು ಸಿಗುವುದೇ ಇಲ್ಲ. ಕೊನೆಗೆ ಉಳಿದದ್ದು 31 ಫೋಟೊ. ಕಾಗದದ ಪ್ರತಿಗಳು ಇದ್ದವು, ಹಾಗಾಗಿ ಮತ್ತೆ ಮೂರು ಭಾನುವಾರ ಕೂತು ಸ್ಕ್ಯಾನ್ ಮಾಡಿದೆ.

ತಿದ್ದುಪಡಿ ಚಿಕ್ಕದು. ಫಾರ್‌ಈಚ್ ಬದಲು ಫಾರ್-ಆಫ್ ಬರೆದರೆ ಒಂದು ಮುಗಿದ ಮೇಲೆ ಇನ್ನೊಂದು. ಎಲ್ಲ ಒಟ್ಟಿಗೆ ನಡೆಯಬೇಕಿದ್ದರೆ ಮ್ಯಾಪ್ ಮಾಡಿ (ಪ್ರತಿಯೊಂದರ ಪ್ರಾಮಿಸನ್ನೂ ಪಟ್ಟಿಯಾಗಿ ಪಡೆದು), ಬಂದ ಪಟ್ಟಿಯನ್ನು ಎಲ್ಲವೂ ಮುಗಿಯಲು ಕಾಯುವ ಪ್ರಾಮಿಸ್ ಆಲ್‌ಗೆ ಕೊಟ್ಟು, ಅದಕ್ಕೆ ಅವೇಟ್. ತಲಾ 2 ಸೆಕೆಂಡ್ ಹಿಡಿಯುವ 6 ವೆಬ್ ಕೋರಿಕೆಗಳಿದ್ದರೆ ಮೊದಲ ದಾರಿಯಲ್ಲಿ 12 ಸೆಕೆಂಡ್ ಬೇಕು, ಎರಡನೆಯದರಲ್ಲಿ ಹೆಚ್ಚುಕಡಿಮೆ 2. ಆದರೆ ಪ್ರಾಮಿಸ್ ಆಲ್‌ನಲ್ಲಿ ಒಂದು ಸೋತರೂ ಒಟ್ಟು ಸೋತಂತೆ, ಉಳಿದವು ಹಿಂದೆ ಓಡುತ್ತಲೇ ಇರುತ್ತವೆ. ಪ್ರತಿಯೊಂದರ ಗತಿ ಏನಾಯಿತೆಂದು ಬೇಕಿದ್ದರೆ 2020ರಲ್ಲಿ ಬಂದ ಆಲ್‌ಸೆಟಲ್ಡ್ ಇದೆ. ನನ್ನ ಫೋಟೊ ಕೆಲಸಕ್ಕೆ ಅದೇ ತಕ್ಕದ್ದಾಗಿತ್ತು.

ಪ್ರಾಮಿಸ್ ಈ ಭಾಷೆಗೆ ಸೇರಿದ್ದು 2015ರಲ್ಲಿ, ಅಸಿಂಕ್-ಅವೇಟ್ 2017ರಲ್ಲಿ. ಎರಡನೆಯದು ನಿಂತಿರುವುದೇ ಮೊದಲನೆಯದರ ಮೇಲೆ. ನಿಮ್ಮ ಅಂಕಣ ಪ್ರಾಮಿಸ್ ಬಿಟ್ಟು ನೇರವಾಗಿ ಅವೇಟ್‌ಗೆ ಹಾರಿದೆ. ಹೊಸಬರಿಗೆ ಸುಲಭವಾಗಲಿ ಎಂಬ ಕಾಳಜಿ ಅದರಲ್ಲಿದೆ, ಒಪ್ಪುತ್ತೇನೆ. ಆದರೆ ಹಾಗೆ ಕಲಿತವರು ದೋಷ ಎದುರಾದಾಗ ಎಲ್ಲೆಂದರಲ್ಲಿ ಅವೇಟ್ ಸೇರಿಸುತ್ತಾ ಹೋಗುತ್ತಾರೆ. ನಾನೂ ಅದನ್ನೇ ಮಾಡುತ್ತಿದ್ದೆ.

ದಯವಿಟ್ಟು ಮುಂದಿನ ಕಂತಿನಲ್ಲಿ ಫಾರ್‌ಈಚ್ ಮತ್ತು ಫಾರ್-ಆಫ್ ಎರಡರ ಕೋಡನ್ನೂ ಅಕ್ಕಪಕ್ಕ ಅಚ್ಚು ಮಾಡಿ. ಏನನ್ನೂ ಅಳಿಸುವುದು ಬೇಡ, ಬರೀ ಟೈಮರ್ ಇಟ್ಟು ಸಂಖ್ಯೆ ಮುದ್ರಿಸುವ ಉದಾಹರಣೆ ಸಾಕು. ಓದುಗರೇ ಎರಡನ್ನೂ ಓಡಿಸಿ ನೋಡಲಿ.

ಇಂತಿ,
ನಿಮ್ಮ ಅಂಕಣದ ಒಬ್ಬ ಓದುಗ